ವಂಶವೃಕ್ಷಕ್ಕೊಂದು ಬೇಲಿ

ಅಜ್ಜಿ ಹುಟ್ಟಿದ ದಿನಾಂಕ ಎಷ್ಟೋ ಮನೆಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ‘ದೊಡ್ಡ ಬರ ಬಂದ ವರ್ಷ’ ಎಂಬಷ್ಟೇ ನೆನಪು. ಆದರೆ ಅಂತರ್ಜಾಲದಲ್ಲಿ ವಂಶವೃಕ್ಷ ಬೆಳೆಸಲು ಕೂತರೆ ಮೊದಲು ಎದುರಾಗುವ ಪ್ರಶ್ನೆಗಳೇ ಹುಟ್ಟಿದ್ದು ಯಾವಾಗ, ಈಗ ಬದುಕಿದ್ದಾರೆಯೇ ಎಂಬವು. ಆ ಎರಡನೆಯ ಪ್ರಶ್ನೆಯ ಮೇಲೆ ಖಾಸಗಿತನದ ಇಡೀ ಏರ್ಪಾಡು ನಿಂತಿದೆ.

ಫ್ಯಾಮಿಲಿಸರ್ಚ್ ತಾಣವನ್ನೇ ನೋಡಿ. ಅಲ್ಲಿರುವುದು ಎಲ್ಲರೂ ಸೇರಿ ಕಟ್ಟುವ ಒಂದೇ ವೃಕ್ಷ. ತೀರಿಕೊಂಡವರ ಪುಟವನ್ನು ಬಳಕೆದಾರರು ಯಾರು ಬೇಕಾದರೂ ನೋಡಬಹುದು. ಬದುಕಿರುವವರ ಪುಟ ಅದನ್ನು ಬರೆದವರಿಗೆ, ಅವರು ಸೇರಿಸಿಕೊಂಡ ಬಳಗಕ್ಕೆ ಮಾತ್ರ. ಸಾವಿನ ವಿವರವಿಲ್ಲದೆ, ಹುಟ್ಟಿ 110 ವರ್ಷ ತುಂಬಿರದಿದ್ದರೆ ಆ ವ್ಯಕ್ತಿ ಬದುಕಿದ್ದಾರೆಂದೇ ಲೆಕ್ಕ. ಒಳ್ಳೆಯ ನಿಯಮವಿದು. ಆದರೆ ಕೈತಪ್ಪಿ ‘ಮೃತ’ ಎಂದು ಗುರುತು ಹಾಕಿದರೆ ಸಾಕು, ಬೇಲಿ ಬಿದ್ದಂತೆ.

ಬೇಲಿ ನಿಂತಿದ್ದಾಗಲೂ ಕಂಡಿಗಳಿರುತ್ತವೆ. ತಾಣ ತಾನಾಗಿ ಮುಚ್ಚುವುದು ವ್ಯಕ್ತಿಯ ಪುಟವನ್ನು ಮಾತ್ರ. ಅಜ್ಜನ ಪುಟದಲ್ಲಿ ನಾವೇ ಅಕ್ಕರೆಯಿಂದ ಬರೆದ ಕಥೆಯೊಳಗೆ ಮೊಮ್ಮಕ್ಕಳ ಹೆಸರು, ಊರು, ಕೆಲಸ ಬಂದಿದ್ದರೆ ಅವು ಹಾಗೇ ಬಯಲಿನಲ್ಲಿರುತ್ತವೆ. ಬ್ಯಾಂಕಿನವರು ಫೋನಿನಲ್ಲಿ ಗುರುತು ಖಚಿತಪಡಿಸಿಕೊಳ್ಳಲು ಕೇಳುವುದು ತಾಯಿಯ ಹೆಸರನ್ನು, ಹುಟ್ಟಿದ ದಿನವನ್ನು. ವಂಶವೃಕ್ಷದಲ್ಲಿ ಎದ್ದು ಕಾಣುವುದೂ ಅವೆರಡೇ. ಇನ್ನು, ಅವಕಾಶವಿರುವ ತಾಣಗಳಿಂದ ಇಡೀ ವೃಕ್ಷವನ್ನು ಜೆಡ್‌ಕಾಮ್ ಎಂಬ ವಂಶಾವಳಿ ಕಡತವಾಗಿ ಇಳಿಸಿಕೊಂಡು ವಾಟ್ಸಾಪಿನಲ್ಲಿ ಕಳಿಸಿದರೆ, ತಾಣದಲ್ಲಿ ಹಾಕಿದ್ದ ಬೀಗ ಅದರ ಜೊತೆ ಹೋಗುವುದಿಲ್ಲ.

2023ರಲ್ಲಿ ಅಮೆರಿಕದ ಡಿಎನ್‌ಎ ಪರೀಕ್ಷಾ ಕಂಪನಿ ಟ್ವೆಂಟಿತ್ರೀ ಆಂಡ್ ಮಿಯಲ್ಲಿ ನಡೆದದ್ದು ನನ್ನನ್ನು ಬಹಳ ಕಾಡಿದೆ. ಕಳ್ಳರು ನೇರವಾಗಿ ಹೊಕ್ಕದ್ದು ಸುಮಾರು 14,000 ಖಾತೆಗಳಿಗೆ. ಬೇರೆ ಕಡೆ ಸೋರಿಹೋಗಿದ್ದ ಪಾಸ್‌ವರ್ಡನ್ನೇ ಇಲ್ಲೂ ಬಳಸಿದ್ದವರ ಖಾತೆಗಳವು. ಡಿಎನ್‌ಎ ಹೋಲಿಸಿ ದೂರದ ನೆಂಟರನ್ನು ತೋರಿಸುವ ಸೌಲಭ್ಯ ಆ ಕಂಪನಿಯಲ್ಲಿತ್ತು. ಅದರ ಮೂಲಕ ಸುಮಾರು 69 ಲಕ್ಷ ಜನರ ವಿವರ ಕಳ್ಳರ ಪಾಲಾಯಿತು. ಸರಾಸರಿ ಹಿಡಿದರೆ, ಒಬ್ಬರ ಬಾಗಿಲು ತೆರೆದಾಗ 490 ಮಂದಿಯ ಮನೆಯೊಳಗೆ ಇಣುಕಿದಂತೆ! ಆ 490 ಮಂದಿಯಲ್ಲಿ ಗಟ್ಟಿ ಪಾಸ್‌ವರ್ಡ್ ಇಟ್ಟುಕೊಂಡವರೂ ಇದ್ದಿರಬೇಕು. ಅವರ ಎಚ್ಚರ ಅವರನ್ನು ಕಾಯಲಿಲ್ಲ.

ರಕ್ತಸಂಬಂಧದ ಮಾಹಿತಿಯ ಸ್ವಭಾವವೇ ಹೀಗೆ. ನನ್ನ ಅಣ್ಣ ತನ್ನ ಬಗ್ಗೆ ಬರೆದುಕೊಂಡದ್ದರಲ್ಲಿ ಅರ್ಧ ನನ್ನ ಬಗ್ಗೆಯೂ ಆಗಿರುತ್ತದೆ. ಹಾಗಿರುವಾಗ ಯಾವುದು ಸಾರ್ವಜನಿಕ, ಯಾವುದು ಖಾಸಗಿ ಎಂಬುದನ್ನು ವೃಕ್ಷ ಕಟ್ಟಿದವರೊಬ್ಬರೇ ತೀರ್ಮಾನಿಸುವುದು ಸರಿಯಲ್ಲ.

ಉತ್ತರ ಕರ್ನಾಟಕದ ಹೆಳವರು ಎತ್ತಿನೊಡನೆ ಮನೆಬಾಗಿಲಿಗೆ ಬಂದು, ಆ ಮನೆಯವರ ಎದುರಿಗೇ ಅವರ ವಂಶಾವಳಿ ಹೇಳುತ್ತಿದ್ದರು. ತಪ್ಪಿದ್ದರೆ ತಿದ್ದಲು, ಹೊಸ ಕೂಸಿನ ಹೆಸರು ಸೇರಿಸಲು ಮನೆಯವರು ಅಲ್ಲೇ ಇರುತ್ತಿದ್ದರು. ನಾವೂ ಅಷ್ಟು ಮಾಡೋಣ. ಮುಂದಿನ ಹಬ್ಬಕ್ಕೆ ಎಲ್ಲರೂ ಸೇರಿದಾಗ ವೃಕ್ಷವನ್ನು ಎದುರಿಗಿಡಿ. ಬದುಕಿರುವ ಒಬ್ಬೊಬ್ಬರನ್ನೂ ಕೇಳಿ. ಬೇಡವೆಂದವರ ವಿವರವನ್ನು ಅವರ ಕಣ್ಣೆದುರಿಗೇ ಅಳಿಸಿಬಿಡಿ.