ಮಿದುಳಿನ ರಕ್ತಪೂರೈಕೆಯ ಕೊರತೆ ಮತ್ತು ಸ್ಥಳೀಯ ಅರಿವಳಿಕೆಗಳು

ಮಾನವ ದೇಹದ ತೂಕದಲ್ಲಿ ಮಿದುಳಿನ ಪಾಲು ಶೇಕಡ 2ರಷ್ಟು ಮಾತ್ರ. ಆದರೆ ವಿಶ್ರಾಂತ ಸ್ಥಿತಿಯಲ್ಲಿ ದೇಹ ಬಳಸುವ ಆಮ್ಲಜನಕದ ಸುಮಾರು ಐದನೆಯ ಒಂದು ಭಾಗ ಅದಕ್ಕೇ ವ್ಯಯವಾಗುತ್ತದೆ. ಶಕ್ತಿಯನ್ನು ಕೂಡಿಡುವ ಸಾಮರ್ಥ್ಯ ಮಿದುಳಿಗೆ ಅತ್ಯಲ್ಪ. ಆದ್ದರಿಂದ ರಕ್ತಪ್ರವಾಹ ಪೂರ್ಣವಾಗಿ ನಿಂತರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಕೆಲವು ನಿಮಿಷಗಳಲ್ಲಿ ನರಕೋಶಗಳಿಗೆ ಸರಿಪಡಿಸಲಾಗದ ಹಾನಿ ಆರಂಭವಾಗುತ್ತದೆ.

ಬೆಂಗಳೂರಿನಲ್ಲಿ ಮಾರತ್ತಹಳ್ಳಿಗೆ ಸಮೀಪದ ವಿಮಾನಪುರದಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಿದೆ. 1957ರಲ್ಲಿ ಆರಂಭವಾದ ಈ ಸಂಸ್ಥೆಗೆ ಇಂತಹ ಕೊರತೆಯು ವೈಮಾನಿಕರ ಪ್ರಾಣದ ಪ್ರಶ್ನೆಯಾಗಿದೆ. ಯುದ್ಧವಿಮಾನವು ರಭಸದಿಂದ ತಿರುವು ಪಡೆದಾಗ ರಕ್ತವು ಕಾಲುಗಳತ್ತ ಇಳಿದು ಮಿದುಳಿಗೆ ಪೂರೈಕೆ ಕುಂದುತ್ತದೆ. ಕಾಲು ಮತ್ತು ಹೊಟ್ಟೆಯನ್ನು ಒತ್ತುವ ಉಡುಪು, ಸ್ನಾಯುಗಳನ್ನು ಬಿಗಿಹಿಡಿಯುವ ಅಭ್ಯಾಸ, ಸೆಂಟ್ರಿಫ್ಯೂಜ್ ಯಂತ್ರದಲ್ಲಿನ ತರಬೇತಿ ಇವು ಅಲ್ಲಿನ ಪರಿಹಾರಗಳು. ಇವೆಲ್ಲವುಗಳ ಗುರಿ ಪೂರೈಕೆಯನ್ನು ಕಾಯ್ದುಕೊಳ್ಳುವುದು.

ಪೂರೈಕೆಯನ್ನು ಕಾಯಲಾಗದಿದ್ದಲ್ಲಿ ಬೇಡಿಕೆಯನ್ನಾದರೂ ತಗ್ಗಿಸಬಹುದೇ ಎಂಬ ಪ್ರಶ್ನೆಯೇ ಸ್ಥಳೀಯ ಅರಿವಳಿಕೆಗಳ ಸಂಶೋಧನೆಗೆ ಮೂಲ. ಸ್ವೀಡನ್ನಿನಲ್ಲಿ 1943ರಲ್ಲಿ ಸಂಶ್ಲೇಷಿಸಲಾದ ಲಿಗ್ನೋಕೇನ್ ನರಕೋಶದ ಪೊರೆಯಲ್ಲಿರುವ ಸೋಡಿಯಂ ದ್ವಾರಗಳನ್ನು ಮುಚ್ಚುತ್ತದೆ. ಒಳನುಗ್ಗಿದ ಸೋಡಿಯಮ್ಮನ್ನು ಹೊರಹಾಕುವುದಕ್ಕೆ ಮಿದುಳಿನ ಶಕ್ತಿಯ ಬಹುಪಾಲು ಬೇಕಾಗುವುದರಿಂದ, ಸೋರಿಕೆ ತಗ್ಗಿದಷ್ಟೂ ಶಕ್ತಿ ಉಳಿಯುತ್ತದೆ. ರಕ್ತಪರಿಚಲನೆ ನಿಂತ ನಾಯಿಗಳ ಮಿದುಳಿನಲ್ಲಿ ಪೊಟ್ಯಾಸಿಯಮ್ ಕೋಶದಿಂದ ಹೊರಸೋರುವುದನ್ನು ಈ ಔಷಧವು ನಿಧಾನಗೊಳಿಸಿತೆಂದು ಆಸ್ಟ್ರಪ್ ಮತ್ತು ಸಂಗಡಿಗರು 1981ರಲ್ಲಿ ತೋರಿಸಿದರು. ರಕ್ತನಾಳದಲ್ಲಿ ಗಾಳಿಗುಳ್ಳೆ ಸಿಲುಕಿ ಉಂಟಾಗುವ ತಡೆ ವೈಮಾನಿಕರಿಗೂ ಮುಳುಗುಗಾರರಿಗೂ ಸಮಾನವಾದ ಅಪಾಯ. ಅದರ ಪ್ರಾಣಿಪ್ರಯೋಗಗಳಲ್ಲಿಯೂ ಅನುಕೂಲ ಫಲ ಕಂಡಿತು.

ಆದರೆ ಪ್ರಾಣಿಗಳಲ್ಲಿ ಕಂಡ ಫಲ ಮನುಷ್ಯರಲ್ಲಿ ಸ್ಥಿರವಾಗಿ ದೊರೆತಿಲ್ಲ. ಹೃದಯದ ಕವಾಟದ ಶಸ್ತ್ರಚಿಕಿತ್ಸೆಗೆ ಒಳಗಾದವರ ಬುದ್ಧಿಶಕ್ತಿಯನ್ನು ಲಿಗ್ನೋಕೇನ್ ಕಾಪಾಡಿತೆಂದು 1999ರಲ್ಲಿ ನ್ಯೂಜಿಲೆಂಡಿನ ಸಣ್ಣ ಪರೀಕ್ಷೆಯೊಂದು ಸೂಚಿಸಿತು. 2009ರಲ್ಲಿ ಪ್ರಕಟವಾದ ಪರೀಕ್ಷೆಗಳಾಗಲೀ ಅಮೆರಿಕದಲ್ಲಿ ಹಲವು ಕೇಂದ್ರಗಳಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಾಗಲೀ ಅದನ್ನು ಸಮರ್ಥಿಸಲಿಲ್ಲ. ಪ್ರಮಾಣ ಮೀರಿದರೆ ಇದೇ ಔಷಧ ಸೆಳವನ್ನೂ ಹೃದಯದ ಲಯಭಂಗವನ್ನೂ ತರಬಲ್ಲದು ಎಂಬುದೂ ಗಮನಾರ್ಹ.

ಬೇಡಿಕೆಯನ್ನು ತಗ್ಗಿಸುವ ಔಷಧವು ಹೆಚ್ಚೆಂದರೆ ಕಾಲಾವಕಾಶವನ್ನು ವಿಸ್ತರಿಸಬಲ್ಲದು. ನಿಂತ ಪ್ರವಾಹವನ್ನು ಮರಳಿಸಲಾರದು. ಪಾರ್ಶ್ವವಾಯುವಿನ ಚಿಕಿತ್ಸೆಯಲ್ಲಿ ರಕ್ತದ ಗರಣೆಯನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ 4.5 ಗಂಟೆಗಳೊಳಗೆ ನೀಡಬೇಕೆಂಬ ನಿಯಮ ನಿಂತಿರುವುದು ಈ ತತ್ತ್ವದ ಮೇಲೆಯೇ. ಸ್ಥಳೀಯ ಅರಿವಳಿಕೆಗಳ ಅಧ್ಯಯನವು ನರಕೋಶದ ಸಾವಿನ ಕ್ರಮವನ್ನು ಅರಿಯಲು ನೆರವಾಗಿದೆ. ಆದರೆ ರೋಗಿಯ ರಕ್ಷಣೆ ಇಂದಿಗೂ ರಕ್ತಪ್ರವಾಹ ಎಷ್ಟು ಬೇಗ ಮರಳುತ್ತದೆ ಎಂಬುದನ್ನೇ ಅವಲಂಬಿಸಿದೆ.