ಸಂಘಗಳ ಕಚೇರಿ ಸಿಬ್ಬಂದಿ: ಯೋಜನೆ, ನೇಮಕ ಮತ್ತು ಉಳಿಸಿಕೊಳ್ಳುವ ಬಗೆ

ಅಮರಗೋಳದ ಎ.ಪಿ.ಎಂ.ಸಿ. ಪ್ರಾಂಗಣವಿರಲಿ, ಗೋಕುಲ ರಸ್ತೆ ಅಥವಾ ತಾರಿಹಾಳ ಕೈಗಾರಿಕಾ ಪ್ರದೇಶವಿರಲಿ, ವ್ಯಾಪಾರಸ್ಥರಿಗೂ ಸಣ್ಣ ಉದ್ಯಮಿಗಳಿಗೂ ಬೆಂಬಲವಾಗಿ ನಿಲ್ಲುವುದು ಅವರವರ ಸಂಘ. ಪದಾಧಿಕಾರಿಗಳು ಬದಲಾಗುತ್ತಾರೆ, ಸಂಘವನ್ನು ನಿತ್ಯ ನಡೆಸುವವರು ಕಚೇರಿಯಲ್ಲಿರುವ ಇಬ್ಬರು ಮೂವರು ನೌಕರರು. ಆದರೆ ವಾರ್ಷಿಕ ಸಭೆಯಲ್ಲಿ ಅತ್ಯಂತ ಕಡಿಮೆ ಚರ್ಚೆಯಾಗುವುದು ಇವರ ವಿಷಯವೇ.

ನಾನು ಲೆಕ್ಕ ಪರಿಶೋಧಿಸಿದ ಒಂದು ಸಂಘದಲ್ಲಿ 22 ವರ್ಷ ದುಡಿದ ಗುಮಾಸ್ತರು ನಿವೃತ್ತರಾದರು. ಶಾಲು, ಹಾರಗಳ ಸತ್ಕಾರವಾಯಿತು. ಕೈಗೆ ಕೊಡಲು ಹಣವಿರಲಿಲ್ಲ. ಮರುತಿಂಗಳು ಜಿ.ಎಸ್.ಟಿ. ಪೋರ್ಟಲ್ಲಿನ ಪಾಸ್‌ವರ್ಡ್ ಯಾರಿಗೂ ತಿಳಿಯದೆ, ರಿಟರ್ನ್ ತಡವಾಗಿ, ವಿಳಂಬ ಶುಲ್ಕ ತೆರಬೇಕಾಯಿತು. ಇದು ಗುಮಾಸ್ತರ ತಪ್ಪಲ್ಲ, ಆಡಳಿತ ಮಂಡಳಿಯ ಯೋಜನೆಯ ಕೊರತೆ.

1. ಯೋಜನೆ: ಮೊದಲು ಕೆಲಸದ ಪಟ್ಟಿ ಮಾಡಬೇಕು, ಅನಂತರ ನೌಕರರ ಸಂಖ್ಯೆ ನಿರ್ಧರಿಸಬೇಕು. ಚಂದಾ ವಸೂಲಿ, ಸಭೆಯ ಠರಾವು, ತೆರಿಗೆ ಪಾವತಿ, ಲೆಕ್ಕಪತ್ರ, ಇವುಗಳಲ್ಲಿ ಯಾವುದು ಯಾವ ತಾರೀಖಿಗೆ, ಯಾರ ಹೊಣೆ ಎಂಬುದು ಬರವಣಿಗೆಯಲ್ಲಿರಬೇಕು. ಪ್ರತಿ ಕೆಲಸಕ್ಕೂ ಅದನ್ನು ಬಲ್ಲ ಎರಡನೆಯ ವ್ಯಕ್ತಿ ಇರಲೇಬೇಕು.

2. ನಿಜವಾದ ವೆಚ್ಚ: ವೇತನವೊಂದೇ ವೆಚ್ಚವಲ್ಲ. ಗ್ರಾಚ್ಯುಟಿಯ ಲೆಕ್ಕ ನೋಡಿ: ಕೊನೆಯ ಮಾಸಿಕ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವಾ ವರ್ಷಗಳಿಂದಲೂ ಗುಣಿಸಬೇಕು. ರೂ. 15,000 ವೇತನಕ್ಕೆ ವರ್ಷಕ್ಕೆ ರೂ. 8,654, 22 ವರ್ಷಕ್ಕೆ ಸುಮಾರು ರೂ. 1,90,385. ಒಮ್ಮೆಲೇ ಇದು ಭಾರ, ತಿಂಗಳಿಗೆ ರೂ. 725ರಂತೆ ತೆಗೆದಿರಿಸಿದರೆ ಹಗುರ. ಲೆಕ್ಕ ಕೊನೆಯ ವೇತನದ ಮೇಲಾಗುವುದರಿಂದ, ವೇತನ ಏರಿಸಿದಾಗ ಹಿಂದಿನ ವರ್ಷಗಳ ವ್ಯತ್ಯಾಸವನ್ನೂ ನಿಧಿಗೆ ಸೇರಿಸಬೇಕು.

ಗ್ರಾಚ್ಯುಟಿ ಕಾನೂನು 10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಅನ್ವಯಿಸುತ್ತದೆ. ಮೂವರೇ ಇರುವ ಸಂಘಕ್ಕೆ ಕಡ್ಡಾಯವಲ್ಲವೆಂಬುದು ಸರಿ. ಆದರೆ ಕಾನೂನು ಬಿಟ್ಟ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಭವಿಷ್ಯ ನಿಧಿಯು 20 ನೌಕರರಿದ್ದಲ್ಲಿ ಕಡ್ಡಾಯ. ಅದಕ್ಕಿಂತ ಕಡಿಮೆ ಇದ್ದರೂ ಸಂಸ್ಥೆ ಹಾಗೂ ಬಹುಪಾಲು ನೌಕರರು ಒಪ್ಪಿದರೆ ಸೇರಬಹುದು.

3. ನೇಮಕ: ಪರಿಚಯದ ಮಾತಿನ ಮೇಲಷ್ಟೇ ನೇಮಿಸಿಕೊಳ್ಳುವುದು ಬೇಡ. ನಮ್ಮ ಅವಳಿ ನಗರದ ವಾಣಿಜ್ಯ ಮಹಾವಿದ್ಯಾಲಯಗಳಿಗೆ ಸೂಚನೆ ಕಳಿಸಿ, ಒಂದು ತಿಂಗಳ ವೋಚರುಗಳನ್ನು ಬರೆಸಿ ನೋಡಿ ಆಯ್ಕೆ ಮಾಡಿರಿ. ನೇಮಕಾತಿ ಪತ್ರ ಕೊಡಿರಿ. 21-11-2025ರಿಂದ ಜಾರಿಗೆ ಬಂದಿರುವ ಕಾರ್ಮಿಕ ಸಂಹಿತೆಗಳೂ ಇದಕ್ಕೆ ಒತ್ತು ಕೊಟ್ಟಿವೆ. ನಿಗದಿತ ಅವಧಿಗೆ ನೇಮಕಗೊಂಡವರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಸಿಗುವುದನ್ನೂ, ಸಂಹಿತೆಯ ವ್ಯಾಪ್ತಿಗೆ ಬರುವ ಸಂಸ್ಥೆಗಳು ಗಮನಿಸಬೇಕು.

4. ಉಳಿಸಿಕೊಳ್ಳುವುದು: ದೊಡ್ಡ ಕಂಪನಿಯ ವೇತನಕ್ಕೆ ಸಂಘ ಸರಿಸಾಟಿಯಾಗಲಾರದು. ಆದರೆ ತಾರೀಖಿಗೆ ಸರಿಯಾಗಿ ಪಗಾರ, ಪ್ರತಿ ಏಪ್ರಿಲ್‌ನಲ್ಲಿ ಕೇಳದೆಯೇ ವೇತನದ ಪರಿಶೀಲನೆ, ಹೊಸ ಕಂಪ್ಯೂಟರ್ ತಂತ್ರಾಂಶದ ತರಬೇತಿ, ಸಭೆಯಲ್ಲಿ ಗೌರವದ ಮಾತು ಇವು ಸಂಘದ ಕೈಯಲ್ಲಿವೆ. ಅಧ್ಯಕ್ಷರು ಒಂದು, ಕಾರ್ಯದರ್ಶಿಗಳು ಇನ್ನೊಂದು ಹೇಳುವುದರಿಂದಲೂ ನೌಕರರು ಬೇಸತ್ತು ಬಿಡುತ್ತಾರೆ. ಆದೇಶ ಒಬ್ಬರಿಂದಲೇ ಬರಲಿ.

ಮುಂಬರುವ ಅಂದಾಜು ಪತ್ರಿಕೆಯಲ್ಲಿ 'ಸಿಬ್ಬಂದಿ ಕಲ್ಯಾಣ ನಿಧಿ' ಎಂಬ ಒಂದು ಸಾಲು ಸೇರಿಸಿ, ಠರಾವು ಮಾಡಿ, ಪ್ರತ್ಯೇಕ ಖಾತೆಯಲ್ಲಿ ಹಣವಿಡಿರಿ. ಬೀಳ್ಕೊಡುಗೆಯ ದಿನ ಶಾಲಿನ ಜೊತೆಗೆ ಚೆಕ್ಕನ್ನೂ ಕೊಡುವ ಸಂಘದಲ್ಲಿ ಉಳಿದ ನೌಕರರು ನಿಶ್ಚಿಂತೆಯಿಂದ ದುಡಿಯುತ್ತಾರೆ.