ಕಡತಕ್ಕೆ ಸಿಗದ ಗಿರಣಿ ಕಾರ್ಮಿಕರ ಕಥೆ

ಲಕ್ಷಾಂತರ ಜನ ಪಾಲ್ಗೊಂಡ ಮುಷ್ಕರದ ಚರಿತ್ರೆಯನ್ನು ಬರೆಯುವುದು ಹೇಗೆ? ಸರ್ಕಾರದ ಕಡತ, ಕಾರ್ಮಿಕ ಸಂಘದ ದಾಖಲೆ, ಪತ್ರಿಕೆಗಳ ವರದಿ ಇದ್ದರೆ ಸಾಕಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಮುಂಬೈಯ ಹತ್ತಿ ಗಿರಣಿಗಳ ಮಟ್ಟಿಗೆ ಅವು ಸಾಲವು.

ಪರೇಲ್, ಲಾಲ್‌ಬಾಗ್, ವರ್ಲಿ ಸುತ್ತಲಿನ ಪ್ರದೇಶಕ್ಕೆ ‘ಗಿರಣ್‌ಗಾಂವ್’, ಅಂದರೆ ಗಿರಣಿಗಳ ಊರು ಎಂದೇ ಹೆಸರು. 1982ರ ಜನವರಿ 18ರಂದು ಇಲ್ಲಿನ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಡಾ. ದತ್ತಾ ಸಾಮಂತ್ ಅವರ ನಾಯಕತ್ವದಲ್ಲಿ ಮುಷ್ಕರ ಹೂಡಿದರು. ವೇತನ ಹೆಚ್ಚಳದ ಜೊತೆಗೆ ಇನ್ನೊಂದು ಬೇಡಿಕೆಯೂ ಇತ್ತು. 1946ರ ಬಾಂಬೆ ಕೈಗಾರಿಕಾ ಸಂಬಂಧಗಳ ಕಾಯ್ದೆಯಂತೆ, ಮಾಲೀಕರೊಡನೆ ಮಾತುಕತೆ ನಡೆಸುವ ಹಕ್ಕು ಮಾನ್ಯತೆ ಪಡೆದ ಒಂದೇ ಸಂಘಕ್ಕಿತ್ತು. ಆ ಮಾನ್ಯತೆ ಇದ್ದದ್ದು ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ. ಕಾರ್ಮಿಕರು ನಂಬಿದ್ದು ಮಾತ್ರ ಸಾಮಂತರನ್ನು. ವರ್ಷಕ್ಕೂ ಮಿಕ್ಕಿ ನಡೆದ ಈ ಮುಷ್ಕರವನ್ನು ಅಧಿಕೃತವಾಗಿ ಹಿಂತೆಗೆದುಕೊಳ್ಳಲೇ ಇಲ್ಲ. ಇಂಥಲ್ಲಿ ಮಾನ್ಯತೆ ಪಡೆದ ಸಂಘದ ಕಾಗದಪತ್ರಗಳನ್ನಷ್ಟೇ ಓದಿದರೆ, ಬೀದಿಗಿಳಿದವರ ಮನಸ್ಸು ತಿಳಿಯುವುದಿಲ್ಲ.

ಈ ಕೊರತೆಯನ್ನು ತುಂಬಲು ಹೊರಟವರು ಮೀನಾ ಮೆನನ್ ಮತ್ತು ನೀರಾ ಆಡಾರ್ಕರ್. ಗಿರಣ್‌ಗಾಂವ್‌ನ ಜನರನ್ನು ಮಾತನಾಡಿಸಿ, ಅವರ ನೆನಪುಗಳನ್ನು ಅವರದೇ ಮಾತಿನಲ್ಲಿ ಸಂಗ್ರಹಿಸಿದರು. ನೂರು ವರ್ಷದ ಚರಿತ್ರೆಯನ್ನು ನೂರು ದನಿಗಳಲ್ಲಿ ಹೇಳುವ ಅವರ ಇಂಗ್ಲಿಷ್ ಪುಸ್ತಕ 2004ರಲ್ಲಿ ಪ್ರಕಟವಾಯಿತು. ಸಂಘದ ಮುಖಂಡರೊಂದಿಗೆ ಸಾಮಾನ್ಯ ಕಾರ್ಮಿಕರು, ಮಹಿಳೆಯರು, ಕಲಾವಿದರೂ ಇಲ್ಲಿ ಮಾತನಾಡುತ್ತಾರೆ. ಚಾಳಿನ ಒಂದೇ ಕೋಣೆಯಲ್ಲಿ ಪಾಳಿಯ ಮೇಲೆ ಮಲಗುತ್ತಿದ್ದವರ ಬದುಕು, ಅವರಿಗೆ ಅನ್ನ ಹಾಕುತ್ತಿದ್ದ ಖಾನಾವಳಿಗಳು, ಕೂಲಿಯಿಲ್ಲದ ತಿಂಗಳುಗಳಲ್ಲಿ ಊರಿಗೆ ಮರಳಿದವರ ಪಾಡು: ಇವು ಗಿರಣಿಯ ಹಾಜರಿ ಪುಸ್ತಕದಲ್ಲಿ ಸಿಗುವಂಥವಲ್ಲ.

ಹಾಗೆಂದು ಹೇಳಿದ್ದೆಲ್ಲ ನಿಜವೆಂದು ಒಪ್ಪಬೇಕಿಲ್ಲ. ವರ್ಷಗಳು ಕಳೆದಂತೆ ದಿನಾಂಕ ಮರೆಯುತ್ತದೆ, ಕೇಳಿದ್ದು ಕಂಡಂತಾಗುತ್ತದೆ. ಆದ್ದರಿಂದ ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆ, ಅಂದಿನ ಪತ್ರಿಕೆ ಮತ್ತು ಕರಪತ್ರಗಳೊಡನೆ ಹೋಲಿಸಿ ನೋಡಬೇಕು. ಯಾರು, ಎಲ್ಲಿ, ಯಾವಾಗ ಹೇಳಿದರೆಂಬ ವಿವರವಿಲ್ಲದ ಧ್ವನಿಮುದ್ರಣದಿಂದ ಸಂಶೋಧಕರಿಗೆ ಹೆಚ್ಚಿನ ಪ್ರಯೋಜನವಿಲ್ಲ.

ಇಂಥ ಸಾಮಗ್ರಿಯನ್ನು ಕಾಪಾಡಲೆಂದೇ ನೋಯ್ಡಾದ ವಿ.ವಿ. ಗಿರಿ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ 1998ರಲ್ಲಿ ಭಾರತೀಯ ಕಾರ್ಮಿಕರ ದಾಖಲೆ ಭಂಡಾರ ಆರಂಭವಾಯಿತು. ಕಾರ್ಮಿಕ ಚರಿತ್ರೆಕಾರರ ಸಂಘ ಅದಕ್ಕೆ ಜೊತೆಯಾಯಿತು.

ಕೆಲಸ ಮುಂದೂಡುವಂಥದ್ದಲ್ಲ. 1982ರಲ್ಲಿ ನಲವತ್ತರ ಹರೆಯದಲ್ಲಿದ್ದವರು ಈಗ ಎಂಬತ್ತು ದಾಟಿದ್ದಾರೆ. ಹಲವು ಗಿರಣಿಗಳ ಜಾಗದಲ್ಲಿ ಮಾಲ್, ಕಚೇರಿ ಕಟ್ಟಡಗಳು ಎದ್ದಿವೆ; ಫೀನಿಕ್ಸ್ ಮಿಲ್ ಅದಕ್ಕೊಂದು ಉದಾಹರಣೆ.

ಗಿರಣಿ, ಗಣಿ, ರೈಲ್ವೆಗಳಲ್ಲಿ ದುಡಿದ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ರಜೆಯಲ್ಲಿ ಮಕ್ಕಳನ್ನು ಅವರ ಬಳಿ ಕೂರಿಸಿ. ಅನುಮತಿ ಪಡೆದು ಮಾತನ್ನು ಮುದ್ರಿಸಿಕೊಳ್ಳಲಿ, ಹೆಸರು, ಊರು, ದಿನಾಂಕ ಬರೆದಿಡಲಿ. ಮೊದಲ ಸಂಬಳ ಎಷ್ಟಿತ್ತು, ಸಂಘಕ್ಕೆ ಸೇರಿದ್ದೇಕೆ ಎಂಬೆರಡು ಪ್ರಶ್ನೆಗಳಿಂದ ಆರಂಭಿಸಿದರೆ ಸಾಕು.